ಮೊದಲ ವಿಮಾನಯಾನಕ್ಕೆ ಮುನ್ನ: ಲಗೇಜು ಮತ್ತು ಸೀಟಿನ ಶುಲ್ಕದ ಲೆಕ್ಕ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ದೆಹಲಿಗೋ ಹೋಗುವ ಟಿಕೆಟ್‌ನ ದರವನ್ನು ಮೊಬೈಲಿನಲ್ಲಿ ನೋಡಿದವರು, ಅಷ್ಟು ಹಣ ಕಟ್ಟಿದರೆ ಪ್ರಯಾಣದ ಖರ್ಚು ಮುಗಿಯಿತೆಂದು ತಿಳಿಯುವುದು ಸಹಜ. ಬಸ್ಸಿನಲ್ಲಿ ಕೂರುವ ಸೀಟೂ ಜೊತೆಗಿನ ಗಂಟೂ ಟಿಕೆಟಿನೊಳಗೇ ಬರುತ್ತವೆ. ಲಗೇಜು ತೀರಾ ಹೆಚ್ಚಾದರೆ ಮಾತ್ರ ಕಂಡಕ್ಟರು ಕಣ್ಣಳತೆಯಲ್ಲಿ ನೋಡಿ ಒಂದು ಮಾತು ಹೇಳುತ್ತಾರೆ. ವಿಮಾನದಲ್ಲಿ ಕಣ್ಣಳತೆ ನಡೆಯುವುದಿಲ್ಲ, ತಕ್ಕಡಿ ತೋರಿಸಿದ್ದೇ ಲೆಕ್ಕ. ಬಾಗಲಕೋಟೆ, ವಿಜಯಪುರದ ಕಡೆಯಿಂದ ನಾಲ್ಕೈದು ತಾಸು ರಸ್ತೆ ಸವೆಸಿ ನಿಲ್ದಾಣ ಮುಟ್ಟಿದವರಿಗೆ, ಚೀಲದಿಂದ ಎರಡು ಸಾಮಾನು ತೆಗೆದು ಮನೆಗೆ ಕಳಿಸುವ ಅವಕಾಶವೂ ಇರುವುದಿಲ್ಲ. ಆದ್ದರಿಂದ ಯಾವುದಕ್ಕೆ ಹಣ ಕೊಡಲೇಬೇಕು, ಯಾವುದಕ್ಕೆ ಬೇಕಿಲ್ಲ ಎಂಬುದನ್ನು ಟಿಕೆಟ್ ತೆಗೆಸುವ ದಿನವೇ ತಿಳಿದುಕೊಂಡಿರಬೇಕು. ಒಂದೇ ಸೌಲಭ್ಯಕ್ಕೆ ಮನೆಯಲ್ಲಿ ಕುಳಿತು ಕೊಡುವ ದರ ಬೇರೆ, ಕೌಂಟರಿನ ಮುಂದೆ ನಿಂತು ಕೊಡುವ ದರ ಬೇರೆ. ಎರಡನೆಯದು ಬಹುತೇಕ ಯಾವಾಗಲೂ ಹೆಚ್ಚು.

ಟಿಕೆಟ್‌ನಲ್ಲಿ ಏನೇನಿರುತ್ತದೆ

ಹಣ ಕಟ್ಟುವ ಮೊದಲು ಪರದೆಯ ಮೇಲೆ ದರದ ವಿವರ ನೋಡುವ ಅವಕಾಶವಿರುತ್ತದೆ. ಅದರಲ್ಲಿ ಮೂಲ ದರ, ಕೆಲವೊಮ್ಮೆ ಇಂಧನದ ಹೆಚ್ಚುವರಿ, ನಿಲ್ದಾಣದ ಬಳಕೆದಾರ ಅಭಿವೃದ್ಧಿ ಶುಲ್ಕ, ವಿಮಾನಯಾನ ಭದ್ರತಾ ಶುಲ್ಕ, ಎಕಾನಮಿ ದರ್ಜೆಗೆ ಶೇಕಡಾ 5ರ ಜಿಎಸ್‌ಟಿ ಇರುತ್ತವೆ. ಇವುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಇವುಗಳ ಕೆಳಗೆ ಕನ್ವೀನಿಯನ್ಸ್ ಫೀ ಎಂಬ ಸಾಲು ಬರುತ್ತದೆ. ಇದು ಆನ್‌ಲೈನಿನಲ್ಲಿ ಹಣ ಪಾವತಿಸಿದ್ದಕ್ಕೆ ವಸೂಲಿ ಮಾಡುವ ಹಣವಾಗಿದ್ದು, ಟಿಕೆಟ್ ರದ್ದು ಮಾಡಿದರೂ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಈ ಫೀ ಎಷ್ಟೆಂಬುದು ಪ್ರತಿ ಜಾಲತಾಣದಲ್ಲೂ ಬೇರೆಯಾಗಿರುವುದರಿಂದ ಮೊದಲ ಪುಟದ ದರವನ್ನಲ್ಲ, ಕಟ್ಟಕಡೆಯ ಪುಟದ ಮೊತ್ತವನ್ನು ಹೋಲಿಸಿ ನೋಡಬೇಕು.

ಈ ಮೊದಲ ಪುಟಕ್ಕೂ ಕಟ್ಟಕಡೆಯ ಪುಟಕ್ಕೂ ನಡುವೆ ಸೀಟು, ಹೆಚ್ಚುವರಿ ಲಗೇಜು, ಊಟ, ವಿಮೆ, ಬೇಗ ಹತ್ತಿಸುವ ಸೌಲಭ್ಯ ಇತ್ಯಾದಿಗಳ ಪುಟಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ. ಇವೆಲ್ಲ ಪ್ರಯಾಣಿಕ ತಾನಾಗಿ ಕೇಳಿದರೆ ಮಾತ್ರ ಸೇರಬೇಕಾದ ಸೇವೆಗಳು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇಂತಹ ಸೇವೆಗಳನ್ನು ಟಿಕೆಟ್ ದರದಿಂದ ಬೇರ್ಪಡಿಸಿ ಮಾರಲು ವಿಮಾನ ಸಂಸ್ಥೆಗಳಿಗೆ ಅನುಮತಿ ಕೊಟ್ಟಿದೆ. ಆದರೆ ಅದೇ ಸುತ್ತೋಲೆಯಲ್ಲಿ, ಇವು ಪ್ರಯಾಣಿಕರ ಇಚ್ಛೆಗೆ ಬಿಟ್ಟವು, ಕಡ್ಡಾಯವಲ್ಲ ಎಂದೂ ಹೇಳಿದೆ. ನಾವು ಆಯ್ಕೆ ಮಾಡದ ವಸ್ತುವನ್ನು ಸದ್ದಿಲ್ಲದೆ ಬಿಲ್ಲಿಗೆ ಸೇರಿಸುವುದನ್ನು 2023ರ ನವೆಂಬರಿನಲ್ಲಿ ಹೊರಬಂದ ಗ್ರಾಹಕ ರಕ್ಷಣಾ ಮಾರ್ಗಸೂಚಿಗಳು ನಿಷೇಧಿಸಿವೆ. ಹಾಗಿದ್ದರೂ ವಿಮೆಯ ಪುಟದಲ್ಲಿ ‘ಬೇಡ’ ಎನ್ನುವ ಆಯ್ಕೆ ಸಣ್ಣ ಅಕ್ಷರದಲ್ಲಿ ಮೂಲೆಗೆ ಸರಿದಿರುವುದನ್ನು ಈಗಲೂ ಕಾಣಬಹುದು. ಅವಸರ ಮಾಡದೆ ಪ್ರತಿ ಪುಟದ ಕೊನೆಯಲ್ಲಿ ಒಟ್ಟು ಮೊತ್ತ ಏರಿದೆಯೇ ಎಂದು ನೋಡುತ್ತ ಹೋದರೆ ಸಾಕು.

ನಮ್ಮ ಕಡೆ ಬಹಳ ಜನ ಟಿಕೆಟನ್ನು ಏಜೆಂಟರ ಹತ್ತಿರ ಅಥವಾ ಆನ್‌ಲೈನ್ ಸೆಂಟರಿನಲ್ಲಿ ತೆಗೆಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬುಕಿಂಗಿಗೆ ಏಜೆಂಟರ ಮೊಬೈಲ್ ಸಂಖ್ಯೆಯನ್ನಲ್ಲ, ಪ್ರಯಾಣಿಕರ ಸಂಖ್ಯೆಯನ್ನೇ ಕೊಡಿಸಬೇಕು. ವಿಮಾನದ ಸಮಯ ಬದಲಾದ ಸಂದೇಶ, ಮನೆಯಿಂದಲೇ ಹಾಜರಿ ಹಾಕಿ ಸೀಟು ಪಡೆಯುವ ವೆಬ್ ಚೆಕ್-ಇನ್ ಕೊಂಡಿ ಎಲ್ಲವೂ ಆ ಸಂಖ್ಯೆಗೇ ಬರುತ್ತವೆ. ಕೈಗೆ ಬಂದ ಟಿಕೆಟ್ ಪ್ರತಿಯಲ್ಲಿ ಪಿಎನ್‌ಆರ್ (ಬುಕಿಂಗಿನ ಗುರುತು ಸಂಖ್ಯೆ), ಚೆಕ್-ಇನ್ ಲಗೇಜು ಎಷ್ಟು ಕಿಲೋ, ಕೈಚೀಲ ಎಷ್ಟು ಕಿಲೋ ಎಂಬ ಮೂರು ವಿಷಯಗಳನ್ನು ಅಲ್ಲಿಯೇ ಓದಿಸಿಕೊಂಡು ಹೊರಡಬೇಕು.

ಲಗೇಜು: ಹದಿನೈದು ಮತ್ತು ಏಳು

ವಿಮಾನದಲ್ಲಿ ಲಗೇಜು ಎರಡು ಬಗೆ. ಕೌಂಟರಿನಲ್ಲಿ ಒಪ್ಪಿಸಿ, ಇಳಿದ ಊರಿನಲ್ಲಿ ಬೆಲ್ಟಿನ ಮೇಲೆ ಪಡೆಯುವುದು ಚೆಕ್-ಇನ್ ಲಗೇಜು. ನಾವೇ ಹೊತ್ತು ಒಳಗೆ ಒಯ್ಯುವುದು ಕ್ಯಾಬಿನ್ ಲಗೇಜು ಅಥವಾ ಕೈಚೀಲ. ದೇಶದೊಳಗಿನ ಎಕಾನಮಿ ಟಿಕೆಟ್‌ಗಳಲ್ಲಿ ಮೊದಲನೆಯದಕ್ಕೆ 15 ಕಿಲೋ, ಎರಡನೆಯದಕ್ಕೆ 7 ಕಿಲೋ ಎಂಬುದು ಸಾಮಾನ್ಯ ಮಿತಿ. ಕೈಚೀಲದ ಅಳತೆ ಸುಮಾರು 55 ಸೆಂಟಿಮೀಟರ್ ಎತ್ತರ, 40 ಅಗಲ, 20 ದಪ್ಪ ಮೀರಬಾರದು. ಮೂರನ್ನೂ ಕೂಡಿಸಿದರೆ 115. ಭದ್ರತಾ ನಿಯಮದಂತೆ ಕೈಚೀಲ ಒಂದೇ ಇರಬೇಕು. ಹೆಂಗಸರ ಪರ್ಸು ಅಥವಾ ಲ್ಯಾಪ್‌ಟಾಪ್ ಚೀಲವನ್ನು ಜೊತೆಗೆ ಬಿಡುವುದುಂಟು, ಆದರೆ ಕೆಲವು ಸಂಸ್ಥೆಗಳು ಅದರ ತೂಕವನ್ನೂ 7 ಕಿಲೋದೊಳಗೇ ಹಿಡಿಯುತ್ತವೆ.

ಈ 15 ಕಿಲೋ ಎಲ್ಲ ಟಿಕೆಟ್‌ಗಳಲ್ಲೂ ಇರುತ್ತದೆಂದು ನಂಬುವ ಹಾಗಿಲ್ಲ. ಚೆಕ್-ಇನ್ ಲಗೇಜೇ ಇಲ್ಲದ ಅಗ್ಗದ ದರಗಳೂ ಮಾರಾಟದಲ್ಲಿವೆ; ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಲೈಟ್’ ದರ ಈ ಬಗೆಯದು. ಎರಡು ದಿನದ ಕೆಲಸಕ್ಕೆ ಒಂದು ಕೈಚೀಲ ಹಿಡಿದು ಹೋಗುವವರಿಗೆ ಇದು ನಿಜಕ್ಕೂ ಉಳಿತಾಯ. ಮಗಳ ಮನೆಗೆ ತಿಂಗಳೊಪ್ಪತ್ತು ಇರಲು ಹೊರಟವರಿಗೆ ಇದು ನಷ್ಟದ ವ್ಯವಹಾರ. ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಲಗೇಜಿಲ್ಲದ ಟಿಕೆಟ್ 4,200 ರೂಪಾಯಿ, 15 ಕಿಲೋ ಸೇರಿದ ಟಿಕೆಟ್ 4,900 ರೂಪಾಯಿ ಇದೆ ಎನ್ನಿ. ಮೊದಲನೆಯದನ್ನು ಕೊಂಡು ಆಮೇಲೆ ಲಗೇಜಿಗೆ 1,800 ರೂಪಾಯಿ ಕೊಟ್ಟರೆ ಒಟ್ಟು 6,000 ಆಗುತ್ತದೆ; ಏಳು ನೂರು ಉಳಿಸಲು ಹೋದವರು ಸಾವಿರದ ನೂರು ಕಳೆದುಕೊಂಡಂತಾಯಿತು. ನಿಜವಾದ ಅಂಕಿಗಳು ದಿನದಿನಕ್ಕೆ ಬದಲಾಗುತ್ತವೆ, ಆದರೆ ಲೆಕ್ಕ ಹಾಕುವ ರೀತಿ ಇದೇ.

ಇನ್ನೊಂದು ಸೂಕ್ಷ್ಮವಿದೆ. ಹಲವು ಸಂಸ್ಥೆಗಳು 15 ಕಿಲೋವನ್ನು ಒಂದೇ ಚೀಲದಲ್ಲಿ ಕೊಡಬೇಕೆಂದು ಹೇಳುತ್ತವೆ. ಒಂದು ಸೂಟ್‌ಕೇಸು, ಒಂದು ರಟ್ಟಿನ ಡಬ್ಬಿ, ಒಂದು ಕೈಕಟ್ಟಿನ ಗಂಟು ಎಂದು ಮೂರು ನಗ ಮಾಡಿದರೆ, ಒಟ್ಟು ತೂಕ 15ರೊಳಗಿದ್ದರೂ ಎರಡನೆಯ ನಗಕ್ಕೆ ಪ್ರತ್ಯೇಕ ಶುಲ್ಕ ಕೇಳಬಹುದು. ಕುಟುಂಬದವರೆಲ್ಲ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಅವರ ತೂಕವನ್ನು ಒಟ್ಟುಗೂಡಿಸಿ ನೋಡುವ ರೂಢಿ ದೇಶೀಯ ಸಂಸ್ಥೆಗಳಲ್ಲಿ ಇದೆ. ಹಾಗಾಗಿ ಗಂಡನ ಚೀಲ 18, ಹೆಂಡತಿಯದು 11 ಕಿಲೋ ಆದರೆ ತಕರಾರು ಬರುವುದು ಅಪರೂಪ. ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ತೆಗೆಸಿದ್ದರೆ ಈ ಅನುಕೂಲ ಕೈಬಿಟ್ಟು ಹೋಗುತ್ತದೆ. ಎಷ್ಟೇ ಹಣ ಕೊಟ್ಟರೂ ಒಂದೇ ಚೀಲ 32 ಕಿಲೋ ದಾಟುವಂತಿಲ್ಲ, ಏಕೆಂದರೆ ಅದನ್ನು ಎತ್ತಿ ಹಾಕುವವರ ಬೆನ್ನಿನ ಪ್ರಶ್ನೆ ಅದು.

ತೂಕವನ್ನು ಮನೆಯಲ್ಲಿಯೇ ನೋಡಬೇಕು. ಕೈಯಲ್ಲಿ ಹಿಡಿದು ತೂಗುವ ಸಣ್ಣ ಡಿಜಿಟಲ್ ತೂಕದ ಕೊಕ್ಕೆ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದಿದ್ದರೆ, ಮನುಷ್ಯರ ತೂಕದ ಯಂತ್ರದ ಮೇಲೆ ಚೀಲ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ವ್ಯತ್ಯಾಸ ಕಳೆಯಬಹುದು. ಓಣಿಯ ಕಿರಾಣಿ ಅಂಗಡಿಯ ಅಥವಾ ಹಿಟ್ಟಿನ ಗಿರಣಿಯ ತಕ್ಕಡಿಯೂ ಆದೀತು. ಯಂತ್ರಗಳ ನಡುವೆ ಅಷ್ಟಿಷ್ಟು ಹೆಚ್ಚುಕಡಿಮೆ ಇರುವುದರಿಂದ 14 ಕಿಲೋಗೆ ನಿಲ್ಲಿಸುವುದು ಜಾಣತನ. ಖಾಲಿ ಸೂಟ್‌ಕೇಸಿನ ಸ್ವಂತ ತೂಕವೇ ನಾಲ್ಕು ಕಿಲೋ ಇರಬಹುದೆಂಬುದನ್ನು ಬಹಳ ಜನ ಮರೆಯುತ್ತಾರೆ. ಹಗುರವಾದ ಬಟ್ಟೆಯ ಬ್ಯಾಗು ತೆಗೆದುಕೊಂಡರೆ ಅಷ್ಟು ಕಿಲೋ ಸಾಮಾನು ಹೆಚ್ಚು ಹಿಡಿಯುತ್ತದೆ.

ರೊಟ್ಟಿ, ಚಟ್ನಿ ಪುಡಿ, ಕರದಂಟು

ನಮ್ಮ ಲಗೇಜಿನ ಭಾರ ಬಟ್ಟೆಯಿಂದ ಬರುವುದಕ್ಕಿಂತ ತಿನಿಸಿನಿಂದ ಬರುವುದೇ ಹೆಚ್ಚು. ಕಟಕ್ ರೊಟ್ಟಿ ಹಗುರ, ಆದರೆ ಮುರಿಯುತ್ತದೆ. ಗಟ್ಟಿ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿಟ್ಟರೆ ಸುರಕ್ಷಿತವಾಗಿ ತಲುಪುತ್ತದೆ. ಗೋಕಾಕ, ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ, ವಿಜಯಪುರದ ಒಣದ್ರಾಕ್ಷಿ ಇವುಗಳಿಗೆ ಅಡ್ಡಿಯಿಲ್ಲ, ಆದರೆ ಪ್ರತಿಯೊಂದೂ ತೂಕದ ವಸ್ತು ಎಂಬುದು ನೆನಪಿರಲಿ. ಖಾರದ ಪುಡಿ, ಎಣ್ಣೆಯಲ್ಲಿ ಅದ್ದಿದ ಉಪ್ಪಿನಕಾಯಿ, ತುಪ್ಪ ಇವುಗಳನ್ನು ಕೈಚೀಲದಲ್ಲಿ ಇಡದಿರುವುದು ಒಳ್ಳೆಯದು, ಭದ್ರತಾ ತಪಾಸಣೆಯಲ್ಲಿ ತೆಗೆದಿರಿಸುವ ಸಂಭವವೇ ಹೆಚ್ಚು. ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಮುಚ್ಚಳಕ್ಕೆ ಟೇಪ್ ಹಚ್ಚಿ ಚೆಕ್-ಇನ್ ಚೀಲದ ನಡುವೆ ಇಡಬಹುದು. ಅದಕ್ಕೂ ಮೊದಲು ಸಂಸ್ಥೆಯ ಜಾಲತಾಣದಲ್ಲಿ ನಿಷೇಧಿತ ವಸ್ತುಗಳ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಒಣ ಕೊಬ್ಬರಿ ಗಿಟುಕನ್ನಂತೂ ಒಯ್ಯಲೇಬಾರದು. ಅದರಲ್ಲಿರುವ ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದೆಂಬ ಕಾರಣಕ್ಕೆ ಅದು ಅಪಾಯಕಾರಿ ವಸ್ತುಗಳ ಸಾಲಿನಲ್ಲಿದೆ. ಉಡಿ ತುಂಬಿದ ಕೊಬ್ಬರಿಯನ್ನು ಹಾಗೆಯೇ ಚೀಲಕ್ಕೆ ಸೇರಿಸಿಕೊಂಡು ಬಂದವರು ಪೇಚಿಗೆ ಸಿಲುಕುವುದು ಇದರಿಂದಲೇ.

ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳದು ಇದಕ್ಕೆ ತದ್ವಿರುದ್ಧ. ಅವು ಕೈಚೀಲದಲ್ಲಿ ಮಾತ್ರ ಇರಬೇಕು, ಚೆಕ್-ಇನ್ ಚೀಲದಲ್ಲಿದ್ದರೆ ಚೀಲ ತೆರೆಸಲು ಕರೆ ಬರುತ್ತದೆ. ಚಿನ್ನ, ಹಣ, ಔಷಧಿ, ಆಸ್ತಿ ಕಾಗದಗಳೂ ಕೈಚೀಲದಲ್ಲಿಯೇ ಇರಲಿ. ದೇಶೀಯ ಪ್ರಯಾಣದಲ್ಲಿ ಚೆಕ್-ಇನ್ ಲಗೇಜು ಕಳೆದರೆ ಸಂಸ್ಥೆಯ ಹೊಣೆ ಒಬ್ಬ ಪ್ರಯಾಣಿಕರಿಗೆ 20,000 ರೂಪಾಯಿಯ ಮಿತಿಗೆ ಒಳಪಟ್ಟಿದೆ. ಒಂದು ಒಳ್ಳೆಯ ಇಳಕಲ್ ರೇಷ್ಮೆ ಸೀರೆ ಅದರ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ.

ಹೆಚ್ಚಾದ ತೂಕಕ್ಕೆ ಹಣ ಕಟ್ಟುವ ಸಮಯ

ತೂಕ ಹೆಚ್ಚಾಗುವುದು ಖಚಿತವಿದ್ದರೆ ಸಂಸ್ಥೆಯ ಜಾಲತಾಣ ಅಥವಾ ಆ್ಯಪ್‌ನಲ್ಲಿ ಪಿಎನ್‌ಆರ್ ಹಾಕಿ ಮುಂಚಿತವಾಗಿ ಹೆಚ್ಚುವರಿ ಲಗೇಜು ಕೊಳ್ಳಬೇಕು. ಅದು ಕಿಲೋ ಲೆಕ್ಕದಲ್ಲಿ ಅಲ್ಲ, 3, 5, 10, 15 ಕಿಲೋ ಎಂಬಂತೆ ಗುಂಪುಗಳಲ್ಲಿ ಸಿಗುತ್ತದೆ. ಕೌಂಟರಿನಲ್ಲಾದರೆ ಮಿತಿ ಮೀರಿದ ಪ್ರತಿ ಕಿಲೋಗೆ ಹಣ ಕೇಳುತ್ತಾರೆ. ಕಿಲೋಗೆ 600 ರೂಪಾಯಿ ಎಂದಿಟ್ಟುಕೊಂಡರೂ ಐದು ಕಿಲೋ ಜೋಳಕ್ಕೋ ಬೆಲ್ಲಕ್ಕೋ 3,000 ರೂಪಾಯಿ ತೆತ್ತಂತಾಗುತ್ತದೆ. ಅಷ್ಟರಲ್ಲಿ ಆ ಬೆಲ್ಲವನ್ನು ಕೊರಿಯರಿನಲ್ಲಿ ಕಳಿಸಿ ಉಳಿದ ಹಣವನ್ನು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಮುಂಗಡ ಖರೀದಿಗೆ ವಿಮಾನ ಹೊರಡುವ ಮುನ್ನ ಒಂದು ಗಡುವು ಇರುತ್ತದೆ ಮತ್ತು ಅದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಹಿಂದಿನ ರಾತ್ರಿಯೇ ಮುಗಿಸಿಬಿಡುವುದು ಕ್ಷೇಮ.

ಕಾಲೇಜು ವಿದ್ಯಾರ್ಥಿಗಳು ಬುಕಿಂಗ್ ಪುಟದಲ್ಲಿರುವ ವಿದ್ಯಾರ್ಥಿ ದರವನ್ನು ನೋಡದೆ ಮುಂದೆ ಹೋಗಬಾರದು. ಇಂಡಿಗೊ, ಏರ್ ಇಂಡಿಯಾದಂತಹ ಸಂಸ್ಥೆಗಳು ಆ ದರದಲ್ಲಿ 10 ಕಿಲೋ ಹೆಚ್ಚುವರಿ ಲಗೇಜು ಕೊಡುತ್ತ ಬಂದಿವೆ. ನಿಲ್ದಾಣದಲ್ಲಿ ಕಾಲೇಜಿನ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯಲ್ಲಿ ರಜೆಯ ಮೇಲೆ ಬಂದು ಹೋಗುವ ಸೈನಿಕರು ಬಹಳ. ಅವರಿಗೂ ಪ್ರತ್ಯೇಕ ದರವಿದೆ, ಕೇಳಿ ಪಡೆಯಬೇಕು. ಅಂಗವಿಕಲರ ಸ್ವಂತ ಗಾಲಿಕುರ್ಚಿಗೆ ಶುಲ್ಕವಿಲ್ಲ.

ವಿದೇಶಕ್ಕೆ ಹೋಗುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಬೆಂಗಳೂರಿನಿಂದ ಕೊಲ್ಲಿ ದೇಶಕ್ಕೆ ಹೋಗುವ ಟಿಕೆಟ್‌ನಲ್ಲಿ 30 ಕಿಲೋ ಲಗೇಜಿಗೆ ಅವಕಾಶವಿದೆ ಎನ್ನಿ. ಬೆಳಗಾವಿಯಿಂದ ಬೆಂಗಳೂರಿಗೆ ಬೇರೆ ಸಂಸ್ಥೆಯ ಬೇರೆ ಟಿಕೆಟ್ ತೆಗೆಸಿದ್ದರೆ ಅದರಲ್ಲಿ 15 ಕಿಲೋ ಮಾತ್ರ. ಮೊದಲ ಹಾರಾಟದ ಕೌಂಟರಿನಲ್ಲಿ ಉಳಿದ 15 ಕಿಲೋಗೆ ಹಣ ಕೊಡದೆ ಗತ್ಯಂತರವಿಲ್ಲ, ಜೊತೆಗೆ ಬೆಂಗಳೂರಿನಲ್ಲಿ ಚೀಲ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಅಂತಾರಾಷ್ಟ್ರೀಯ ಮಿತಿಯೇ ಪೂರ್ತಿ ದಾರಿಗೆ ಅನ್ವಯಿಸುತ್ತದೆ. ಬೇರೆ ಬೇರೆ ಟಿಕೆಟ್ ಅಗ್ಗವೆಂದು ಕಂಡಾಗ ಈ ಖರ್ಚನ್ನೂ ಕೂಡಿಸಿ ನೋಡಬೇಕು. ಲಗೇಜು ಬಹಳವಿದ್ದರೆ ಬೆಂಗಳೂರಿನವರೆಗೆ ರಾತ್ರಿ ರೈಲು ಹಿಡಿಯುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ.

ಸೀಟಿನ ಶುಲ್ಕ ಯಾವಾಗ ಬೇಕು

ಟಿಕೆಟ್ ಕೊಂಡವರಿಗೆ ವಿಮಾನದಲ್ಲಿ ಸೀಟು ಇದ್ದೇ ಇರುತ್ತದೆ. ಶುಲ್ಕ ಕೊಡುವುದು ಇಂಥದ್ದೇ ಸೀಟು ಬೇಕೆಂದು ಆರಿಸಿಕೊಳ್ಳುವುದಕ್ಕೆ ಮಾತ್ರ. ಹಾಗಾಗಿ ಸೀಟಿನ ನಕಾಶೆಯಲ್ಲಿ ಎಲ್ಲ ಕಡೆ ಬೆಲೆ ಕಂಡರೂ ಗಾಬರಿಯಾಗಬೇಕಿಲ್ಲ. ಬೆಲೆಯಿಲ್ಲದ ಸೀಟು ಇದ್ದರೆ ಅದನ್ನು ಒತ್ತಬಹುದು. ಇಲ್ಲದಿದ್ದರೆ ಆ ಪುಟವನ್ನು ದಾಟಿ ಹೋಗಬಹುದು, ಆರಿಸದವರಿಗೆ ವ್ಯವಸ್ಥೆಯೇ ತಾನಾಗಿ ಸೀಟು ಹಂಚುತ್ತದೆ. ಡಿಜಿಸಿಎ ನಿಯಮವೂ ಇದನ್ನೇ ಹೇಳುತ್ತದೆ. ಮುಂದಿನ ಸಾಲು, ಕಾಲು ಚಾಚಲು ಜಾಗವಿರುವ ಸಾಲು, ಕಿಟಕಿ ಮತ್ತು ನಡುದಾರಿಯ ಪಕ್ಕದ ಸೀಟುಗಳಿಗೆ ಬೆಲೆ ಹೆಚ್ಚು. ಹಿಂದಿನ ಸಾಲುಗಳ ನಡುವಿನ ಸೀಟಿಗೆ ಕಡಿಮೆ ಅಥವಾ ಏನೂ ಇಲ್ಲ.

ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚೆಂದು ವಯಸ್ಸಾದ ತಂದೆತಾಯಿಗೆ ಅಲ್ಲಿ ಸೀಟು ಕೊಂಡುಕೊಡುವವರಿದ್ದಾರೆ. ಆ ಹಣ ವ್ಯರ್ಥ. ಆಪತ್ತಿನಲ್ಲಿ ಬಾಗಿಲು ತೆರೆಯಲು ಸಿಬ್ಬಂದಿಗೆ ನೆರವಾಗಬಲ್ಲವರನ್ನು ಮಾತ್ರ ಅಲ್ಲಿ ಕೂರಿಸುತ್ತಾರೆ. ಮಕ್ಕಳು, ಗರ್ಭಿಣಿಯರು, ಕೈಕಾಲಿನ ಶಕ್ತಿ ಕುಂದಿದವರು, ಸಿಬ್ಬಂದಿಯ ಸೂಚನೆ ಅರ್ಥವಾಗದವರು ಇದ್ದರೆ ಬೇರೆ ಕಡೆ ಕಳಿಸುತ್ತಾರೆ. ಮೊಣಕಾಲು ನೋವಿರುವ ಹಿರಿಯರಿಗೆ ನಡುದಾರಿಯ ಪಕ್ಕದ ಸೀಟು ಕೊಳ್ಳುವುದು ಮಾತ್ರ ಸಾರ್ಥಕ ಖರ್ಚು.

ಬೆಳಗಾವಿಯಿಂದ ಹಾರುವವರಿಗೆ ಇನ್ನೊಂದು ಮಾತು. ಇಲ್ಲಿ ಸಣ್ಣ ವಿಮಾನಗಳ ಓಡಾಟವೂ ಇದೆ. ಎಟಿಆರ್ ವಿಮಾನದಲ್ಲಿ ನಡುದಾರಿಯ ಎರಡೂ ಬದಿಗೆ ಎರಡೆರಡು ಸೀಟು. ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇರ್ 145ರಲ್ಲಿ ಒಂದು ಬದಿ ಒಂದು, ಇನ್ನೊಂದು ಬದಿ ಎರಡು. ಎರಡರಲ್ಲೂ ನಡುವೆ ಸಿಕ್ಕಿಕೊಳ್ಳುವ ಸೀಟೇ ಇಲ್ಲ. ತಾನಾಗಿ ಹಂಚಿದರೂ ಸಿಗುವುದು ಕಿಟಕಿ ಇಲ್ಲವೇ ನಡುದಾರಿ. ಒಂದೂಕಾಲು ಗಂಟೆಯ ಬೆಂಗಳೂರು ಹಾರಾಟಕ್ಕೆ ಒಬ್ಬರೇ ಹೋಗುವವರು ಸೀಟಿಗೆಂದು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಏರ್‌ಬಸ್ 320ರಂತಹ ವಿಮಾನದಲ್ಲಿ ಮೂರು ಮೂರು ಸೀಟುಗಳಿರುತ್ತವೆ, ದೆಹಲಿಯಷ್ಟು ದೂರಕ್ಕೆ ಹೋಗುವಾಗ ನಡುವಿನ ಸೀಟು ಬೇಡವೆನಿಸಿದರೆ ಹಣ ಕೊಡುವುದು ಅವರವರ ಇಚ್ಛೆ. ಯಾವ ವಿಮಾನವೆಂಬುದು ಬುಕಿಂಗ್ ಸಮಯದಲ್ಲಿ ಹಾರಾಟದ ವಿವರದಲ್ಲಿಯೇ ಬರೆದಿರುತ್ತದೆ.

ಸಣ್ಣ ವಿಮಾನದ ಇನ್ನೊಂದು ಗುಣವೆಂದರೆ ತಲೆಯ ಮೇಲಿನ ಗೂಡು ಚಿಕ್ಕದು. ಚಕ್ರದ ಟ್ರಾಲಿ ಅದರಲ್ಲಿ ಹಿಡಿಸದಿದ್ದರೆ ವಿಮಾನದ ಮೆಟ್ಟಿಲ ಬಳಿಯೇ ತೆಗೆದುಕೊಂಡು ಹೊಟ್ಟೆಯಲ್ಲಿ ಹಾಕುತ್ತಾರೆ. ಮಿತಿಯೊಳಗಿನ ಚೀಲವಾದರೆ ಇದಕ್ಕೆ ಹಣವಿಲ್ಲ, ಆದರೆ ಒಪ್ಪಿಸುವ ಮುನ್ನ ಪವರ್ ಬ್ಯಾಂಕ್, ಔಷಧಿ, ಒಡವೆಯನ್ನು ತೆಗೆದಿಟ್ಟುಕೊಳ್ಳಬೇಕು. ಸೀಟು ಖಾಲಿಯಿದೆಯೆಂದು ತಾವೇ ಎದ್ದು ಹೋಗಿ ಬೇರೆಡೆ ಕೂರುವುದೂ ಇಲ್ಲಿ ನಡೆಯದು. ಭಾರ ಮುಂದೆ ಹಿಂದೆ ಸಮನಾಗಿರುವಂತೆ ಸೀಟು ಹಂಚಿರುವುದರಿಂದ ಸಿಬ್ಬಂದಿಯನ್ನು ಕೇಳಿಯೇ ಬದಲಿಸಬೇಕು.

ಮಕ್ಕಳೊಂದಿಗೆ ಹೋಗುವವರು ಸೀಟಿನ ಪುಟ ಕಂಡೊಡನೆ ಹೆದರಿ ಎಲ್ಲರಿಗೂ ಹಣ ಕಟ್ಟುವುದುಂಟು. 2024ರ ಏಪ್ರಿಲ್‌ನಲ್ಲಿ ಡಿಜಿಸಿಎ, 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಾದರೂ ಸೀಟು ಕೊಡಬೇಕೆಂದು ಸಂಸ್ಥೆಗಳಿಗೆ ಸೂಚಿಸಿದೆ. ಇದರ ಲಾಭ ಸಿಗಬೇಕಾದರೆ ಮಗುವಿನ ಟಿಕೆಟ್ ಪೋಷಕರ ಪಿಎನ್‌ಆರ್‌ನಲ್ಲಿಯೇ ಇರಬೇಕು. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಕೂರಬೇಕೆಂಬ ಹಕ್ಕು ಇದರಿಂದ ಬರುವುದಿಲ್ಲ. ಅಜ್ಜ ಅಜ್ಜಿಯೂ ಪಕ್ಕದಲ್ಲಿಯೇ ಬೇಕೆಂದರೆ ಅವರ ಸೀಟಿಗೆ ಹಣ ಕೊಡುವ ಪ್ರಸಂಗ ಬರಬಹುದು. ಎರಡು ವರ್ಷ ತುಂಬದ ಕೂಸು ತೊಡೆಯ ಮೇಲೆ ಕೂರುತ್ತದೆ, ಅದಕ್ಕೆ ಪ್ರತ್ಯೇಕ ಕಡಿಮೆ ದರವಿದೆ.

ವೆಬ್ ಚೆಕ್-ಇನ್, ಕೌಂಟರು, ದೂರು

ಪ್ರಯಾಣಕ್ಕೆ ಒಂದೆರಡು ದಿನ ಮೊದಲು ತೆರೆಯುವ ವೆಬ್ ಚೆಕ್-ಇನ್ ಅನ್ನು ಬೇಗ ಮಾಡಿದಷ್ಟೂ ಒಳ್ಳೆಯದು, ಉಚಿತ ಸೀಟುಗಳು ಆಗ ಹೆಚ್ಚಿರುತ್ತವೆ. ಮೊಬೈಲಿಗೆ ಬರುವ, ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ವೆಬ್ ಚೆಕ್-ಇನ್ ಮಾಡಲು ಬಾರದಿದ್ದರೆ ಕೌಂಟರಿನಲ್ಲಿ ಕೇಳಿದರೂ ಆಯಿತು. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ಹಣ ಕೇಳುವಂತಿಲ್ಲವೆಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ದೇಶೀಯ ಹಾರಾಟಗಳಿಗೆ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ. ಎರಡು ಗಂಟೆ ಮೊದಲೇ ತಲುಪಿದವರಿಗೆ, ತೂಕ ಒಂದೆರಡು ಕಿಲೋ ಹೆಚ್ಚಾದಾಗ ಪಕ್ಕಕ್ಕೆ ಸರಿದು ಚೀಲ ತೆರೆದು, ಒಂದಿಷ್ಟನ್ನು ಕೈಚೀಲಕ್ಕೆ ಸೇರಿಸುವಷ್ಟು ಹೊತ್ತು ಸಿಗುತ್ತದೆ. ಸ್ವೆಟರು, ಕೋಟು ಇದ್ದರೆ ಮೈಮೇಲೆ ಹಾಕಿಕೊಳ್ಳಬಹುದು, ಧರಿಸಿದ ಬಟ್ಟೆಯನ್ನು ಯಾರೂ ತೂಗುವುದಿಲ್ಲ.

ಹಣ ಕೊಡಲೇಬೇಕಾಗಿ ಬಂದರೆ, ಎಷ್ಟು ಕಿಲೋಗೆ ಎಷ್ಟು ಎಂದು ಬರೆದ ರಸೀದಿ ಪಡೆಯಬೇಕು. ಸೀಟಿಗೆ ಹಣ ಕೊಟ್ಟಿದ್ದರೂ ಬೇರೆ ಸೀಟು ಕೊಟ್ಟರೆ ಆ ಮೊತ್ತವನ್ನು ವಾಪಸು ಕೇಳುವುದಕ್ಕೂ ರಸೀದಿ ಮತ್ತು ಬೋರ್ಡಿಂಗ್ ಪಾಸೇ ಆಧಾರ. ಇಳಿದ ಊರಿನಲ್ಲಿ ಚೀಲ ಬಾರದಿದ್ದರೆ ಅಥವಾ ಒಡೆದು ಬಂದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಸಂಸ್ಥೆಯ ಸಿಬ್ಬಂದಿಯ ಬಳಿ ಲಿಖಿತ ದೂರು ದಾಖಲಿಸಿ, ಲಗೇಜಿನ ಟ್ಯಾಗ್ ತೋರಿಸಿ ಅದರ ಪ್ರತಿ ಪಡೆಯಬೇಕು. ಮನೆಗೆ ಹೋಗಿ ಫೋನ್ ಮಾಡಿದರೆ ದೂರಿನ ಬಲ ಕುಗ್ಗುತ್ತದೆ. ಸಂಸ್ಥೆ ಸ್ಪಂದಿಸದಿದ್ದರೆ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ರಸೀದಿಯ ಚಿತ್ರದೊಂದಿಗೆ ದೂರು ಹಾಕಬಹುದು, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.